ಜಾಲತಾಣದ ಸುದ್ದಿಯೂ ಪತ್ರಕರ್ತನ ಶೋಧನೆಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ನಮ್ಮ ನುಡಿಯ ಹಿರಿಮೆಯನ್ನೂ ಕವಿಗಳ ಕೀರ್ತಿಯನ್ನೂ ಕುರಿತು ನಾಲ್ಕು ಮಾತನಾಡುವುದು ವಾಡಿಕೆ. ಈ ದಿನ ನಾವು ಆರಿಸಿಕೊಂಡಿರುವ ವಿಷಯ ಸ್ವಲ್ಪ ಬೇರೆಯಾದುದು. ಇಂದು ಮನೆಮನೆಯ ಮೊಬೈಲಿನಲ್ಲಿಯೂ ಹರಿದಾಡುತ್ತಿರುವ ವಾಟ್ಸಾಪು, ಫೇಸ್‌ಬುಕ್ಕು, ಯೂಟ್ಯೂಬು ಮೊದಲಾದ ಸಾಮಾಜಿಕ ಜಾಲತಾಣಗಳನ್ನು ಪತ್ರಕರ್ತನಾದವನು ಸುದ್ದಿಯ ಶೋಧನೆಗೂ ಸಾಕ್ಷಿಗಳನ್ನು ಕಂಡುಕೊಳ್ಳುವುದಕ್ಕೂ ಹೇಗೆ ಬಳಸಬೇಕು ಎಂಬುದೇ ಆ ವಿಷಯ. ನಮ್ಮೂರಿನಲ್ಲಿ ಪತ್ರಕರ್ತರು ಎಷ್ಟು ಮಂದಿ, ಈ ವಿಚಾರ ನಮಗೇಕೆ ಎಂದು ಕೆಲವರಿಗೆ ತೋರಬಹುದು. ಗುಮಟಾಪುರದವರಾದ ನಾವು ಸುದ್ದಿಯನ್ನು ಬರೆಯುವವರಲ್ಲದಿದ್ದರೂ ಸುದ್ದಿಗೆ ವಸ್ತುವಾದವರು. ದೀಪಾವಳಿಯ ಕೊನೆಗೆ ಬೀರೇಶ್ವರನ ಸನ್ನಿಧಿಯಲ್ಲಿ ನಾವು ನಡೆಸುವ ಗೊರೆಹಬ್ಬದ ಚಿತ್ರವು, ನಾವು ಮೈ ತೊಳೆದು ಮನೆ ಸೇರುವುದರೊಳಗಾಗಿ ಲೋಕವನ್ನು ಒಂದು ಸುತ್ತು ಬಂದಿರುತ್ತದೆ. ಆ ಚಿತ್ರದ ಕೆಳಗೆ ಯಾರು ಏನು ಬರೆಯುತ್ತಾರೆ ಎಂಬುದರಲ್ಲಿ ನಮ್ಮ ಊರಿನ ಮರ್ಯಾದೆ ಅಡಗಿದೆ.

ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ನೆಯ ಇಸವಿಯ ಜುಲೈ 1ರಂದು ಹರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ ಹೊರಟಿತು. ಅಂದಿನಿಂದ ಬಹುಕಾಲದವರೆಗೆ ಪತ್ರಕರ್ತನಿಗಿದ್ದ ದೊಡ್ಡ ತೊಡಕು ದೂರವೇ ಆಗಿತ್ತು. ಘಟನೆ ಒಂದೂರಿನಲ್ಲಿ, ಪತ್ರಿಕಾಲಯ ಮತ್ತೊಂದೂರಿನಲ್ಲಿ. ನಡುವೆ ಅಂಚೆ, ತಂತಿ, ಆಮೇಲೆ ದೂರವಾಣಿ. ತಾಳವಾಡಿ ಸೀಮೆಯವರಿಗಂತೂ ಈ ದೂರ ಇಮ್ಮಡಿಯಾದುದು. 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ನಮ್ಮಂತೆಯೇ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿಯು ಮದ್ರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಪ್ರತ್ಯೇಕ ಜಿಲ್ಲೆಯಾಯಿತು. 2016ರಲ್ಲಿ ತಾಳವಾಡಿಯೇ ಒಂದು ತಾಲ್ಲೂಕಾಯಿತು. ಇಂದಿಗೂ ಜಿಲ್ಲೆಯ ಕೇಂದ್ರವನ್ನು ಮುಟ್ಟಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಬೆಂಗಳೂರಿನ ಕನ್ನಡ ಪತ್ರಿಕೆಯ ದೃಷ್ಟಿಗೆ ನಾವು ಹೊರರಾಜ್ಯದವರು. ಚೆನ್ನೈಯ ತಮಿಳು ಪತ್ರಿಕೆಯ ದೃಷ್ಟಿಗೆ ಬೆಟ್ಟದ ಮೇಲಣವರು.

ಈ ದೂರವನ್ನು ಜಾಲತಾಣಗಳು ಒಂದು ಬಗೆಯಲ್ಲಿ ಅಳಿಸಿಹಾಕಿವೆ. ನಮ್ಮ ಬೀದಿಯಲ್ಲಿ ನಡೆದುದನ್ನು ದೆಹಲಿಯಲ್ಲಿ ಕುಳಿತವನು ಅದೇ ನಿಮಿಷದಲ್ಲಿ ನೋಡಬಲ್ಲನು. ಇದು ಅಲ್ಪ ಲಾಭವಲ್ಲ. ಆದರೆ ಹತ್ತಿರಕ್ಕೆ ಬಂದುದು ಚಿತ್ರ ಮಾತ್ರ. ಊರು ಇದ್ದಲ್ಲಿಯೇ ಇದೆ. ಆದುದರಿಂದ ನಾವು ಈ ಭಾಷಣದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟೇ: ಜಾಲತಾಣದಲ್ಲಿ ಕಂಡುದನ್ನು ಪತ್ರಕರ್ತನು ಸುಳಿವೆಂದು ಹಿಡಿಯಬೇಕು, ಆ ಸುಳಿವನ್ನು ಹಿಡಿದುಕೊಂಡು, ಕಣ್ಣಾರೆ ಕಂಡ ಮನುಷ್ಯನವರೆಗೆ ಹೋಗಬೇಕು. ನಡುವಿನಲ್ಲಿಯೇ ನಿಂತುಬಿಟ್ಟ ವರದಿಯು ಅಚ್ಚಿಗೆ ಬಂದ ಗಾಳಿಮಾತು.

ಮೊದಲನೆಯದಾಗಿ, ಹುಡುಕುವ ಬಗೆ. ಹೆಸರು ತಿಳಿಯದೆ ಹುಡುಕಲಾಗದು. ಗಡಿನಾಡಿನಲ್ಲಿ ಒಂದು ಊರಿಗೆ ಒಂದೇ ಹೆಸರಿರುವುದೂ ಇಲ್ಲ. ನಮ್ಮ ಊರನ್ನು ಕನ್ನಡದಲ್ಲಿ ಗುಮಟಾಪುರವೆಂದೂ ಗುಮ್ಮಟಾಪುರವೆಂದೂ ಬರೆಯುವರು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದುದರಿಂದ, ತಮಿಳಿನಲ್ಲಿ ಬರೆದ ನಮ್ಮೂರು ಇಂಗ್ಲಿಷಿಗೆ ಹೋಗುವಾಗ ಕಕಾರದಿಂದ ಮೊದಲಾಗುವುದೂ ಉಂಟು. ತಾಳವಾಡಿಯನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಗಳೂ ಹಲವು. ಹೀಗಿರುವಾಗ ಒಂದೇ ಕಾಗುಣಿತದಲ್ಲಿ ಹುಡುಕಿದ ವರದಿಗಾರನಿಗೆ ಊರಿನ ಅರ್ಧ ಮಾತು ಕೇಳಿಸುವುದೇ ಇಲ್ಲ. ಅವನು ಕನ್ನಡ, ತಮಿಳು, ಇಂಗ್ಲಿಷು ಮೂರು ಲಿಪಿಗಳಲ್ಲಿಯೂ ಊರಿನ ಹೆಸರು, ಹಬ್ಬದ ಹೆಸರು, ದೇವರ ಹೆಸರು, ಬೆಳೆಯ ಹೆಸರು ಇವುಗಳನ್ನು ಕೊಟ್ಟು ಹುಡುಕಬೇಕು. ಯಾವ ದಿನದಿಂದ ಯಾವ ದಿನದವರೆಗಿನದು ಬೇಕೆಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಪಟ್ಟಣದವರ ಪದಗಳಲ್ಲಿ ಹುಡುಕಿದರೆ ಪಟ್ಟಣದವರು ನಮ್ಮನ್ನು ಕುರಿತು ಬರೆದುದು ಸಿಕ್ಕೀತು. ನಮ್ಮ ಪದಗಳಲ್ಲಿ ಹುಡುಕಿದರೆ ನಮ್ಮವರು ಬರೆದುದು ಸಿಕ್ಕೀತು. ‘ಸಗಣಿ ಎರಚಾಟ’ ಎಂದು ಹುಡುಕಿದವನಿಗೂ ‘ಗೊರೆಹಬ್ಬ’ ಎಂದು ಹುಡುಕಿದವನಿಗೂ ದೊರೆಯುವ ಊರು ಒಂದೇ ಆಗಿರುವುದಿಲ್ಲ.

ಎರಡನೆಯದಾಗಿ, ಮನುಷ್ಯನನ್ನು ತಲಪುವ ಬಗೆ. ಜಾಲತಾಣದ ಒಂದು ದೃಶ್ಯವು ಪತ್ರಕರ್ತನ ಕೈಗೆ ಬರುವ ಹೊತ್ತಿಗೆ ಹತ್ತಾರು ಕೈ ದಾಟಿರುತ್ತದೆ. ಮೊದಲು ಚಿತ್ರ ತೆಗೆದವರಾರು, ಅದನ್ನು ಮೊದಲು ಹಾಕಿದವರಾರು, ಅವರು ಆ ಹೊತ್ತಿನಲ್ಲಿ ಅಲ್ಲಿದ್ದರೆ, ಎಂದು ಹಿಂದಕ್ಕೆ ಹಿಂದಕ್ಕೆ ನಡೆಯುವುದೇ ಶೋಧನೆ. ಇದು ಹೊಸ ವಿದ್ಯೆಯಲ್ಲ. 2000ನೆಯ ಇಸವಿಯ ಜುಲೈ 30ರ ರಾತ್ರಿ ನಮ್ಮ ತಾಳವಾಡಿ ಸೀಮೆಯ ಗಾಜನೂರಿನಿಂದ ಡಾ. ರಾಜ್‌ಕುಮಾರರನ್ನು ವೀರಪ್ಪನ್ ಅಪಹರಿಸಿದನು. ಅವರು ಹಿಂದಿರುಗಿದುದು 108 ದಿನಗಳ ಮೇಲೆ, ನವೆಂಬರ್ 15ರಂದು. ಆಗ ಜಾಲತಾಣಗಳಿರಲಿಲ್ಲ. ಕಾಡಿನ ಮಾತು ಹೊರಗೆ ಬರುತ್ತಿದ್ದುದು ಕ್ಯಾಸೆಟ್ಟುಗಳಲ್ಲಿ. ‘ನಕ್ಕೀರನ್’ ಪತ್ರಿಕೆಯ ಸಂಪಾದಕರಾದ ಆರ್. ಆರ್. ಗೋಪಾಲರು ಸಂಧಾನಕಾರರಾಗಿ ಕಾಡಿಗೆ ಹೋಗಿಬರುತ್ತಿದ್ದರು. ಆ ಕ್ಯಾಸೆಟ್ಟಿನ ವಿಷಯದಲ್ಲಿ ಎಚ್ಚರವುಳ್ಳ ವರದಿಗಾರನು ಕೇಳಬೇಕಾಗಿದ್ದ ಪ್ರಶ್ನೆಗಳಾವುವು? ಧ್ವನಿ ಯಾರದು, ಮುದ್ರಿಸಿದುದು ಎಂದು, ತಂದುಕೊಟ್ಟವರಾರು, ಪೂರ್ತಿ ಇದೆಯೆ ಅಥವಾ ನಡುವೆ ಕತ್ತರಿಸಿದೆಯೆ. ಇಂದು ವಾಟ್ಸಾಪಿನಲ್ಲಿ ಬಂದ ಧ್ವನಿಗೂ ದೃಶ್ಯಕ್ಕೂ ಕೇಳಬೇಕಾದ ಪ್ರಶ್ನೆಗಳು ಇವೇ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಒಬ್ಬರ ಧ್ವನಿಯನ್ನೂ ಮುಖವನ್ನೂ ಹಾಗೆಯೇ ಸೃಷ್ಟಿಸಬಲ್ಲ ಈ ಕಾಲದಲ್ಲಿ, ಕಿವಿ ಕಣ್ಣುಗಳನ್ನು ಮಾತ್ರ ನಂಬಿ ಕೂರುವಂತಿಲ್ಲ. ತಂದುಕೊಟ್ಟವರ ಸರಣಿಯನ್ನೇ ಹಿಡಿದು ನೋಡಬೇಕು.

ಸಾಕ್ಷಿಯೊಬ್ಬರ ಸುಳಿವು ಜಾಲತಾಣದಲ್ಲಿ ದೊರೆತ ಮೇಲೆ ಪತ್ರಕರ್ತನು ಅವರೊಡನೆ ನೇರವಾಗಿ ಮಾತನಾಡಬೇಕು. ತಾನು ಯಾರು, ಯಾವ ಪತ್ರಿಕೆಯವನು ಎಂಬುದನ್ನು ಮೊದಲೇ ಹೇಳಬೇಕು. ನೀವು ನೋಡಿದುದೇನು, ನೀವು ಕೇಳಿದುದೇನು ಎಂದು ಬೇರೆ ಬೇರೆಯಾಗಿ ವಿಚಾರಿಸಬೇಕು. ಸಾಧ್ಯವಾದರೆ ಮೂಲ ಚಿತ್ರವನ್ನೇ ಕೇಳಿ ಪಡೆಯಬೇಕು. ಏಕೆಂದರೆ ಮೊಬೈಲಿನ ಛಾಯಾಚಿತ್ರದೊಡನೆ ದಿನ, ವೇಳೆ, ಕೆಲವೊಮ್ಮೆ ಸ್ಥಳದ ವಿವರವೂ ಅಡಗಿರುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಆ ವಿವರ ಉದುರಿಹೋಗುವುದು. ದಾಖಲೆಯ ರೂಪದಲ್ಲಿ, ಡಾಕ್ಯುಮೆಂಟು ಎಂದು ಆರಿಸಿ ಕಳುಹಿಸಿದರೆ ಉಳಿಯುವುದು.

ಮೂರನೆಯದಾಗಿ, ಚಿತ್ರವನ್ನೇ ಪರೀಕ್ಷಿಸುವ ಬಗೆ. 2012ನೆಯ ಆಗಸ್ಟಿನಲ್ಲಿ ಬೆಂಗಳೂರಿನಿಂದ ಈಶಾನ್ಯ ಭಾರತದ ಸಾವಿರಾರು ಜನರು ಹೆದರಿ ರೈಲು ಹತ್ತಿದುದು ತಮ್ಮ ನೆನಪಿನಲ್ಲಿರಬಹುದು. ಮೊಬೈಲಿನ ಸಂದೇಶಗಳಲ್ಲಿ ಹಬ್ಬಿದ ಭಯವೇ ಅದಕ್ಕೆ ಕಾರಣವಾಗಿತ್ತು. ಕೇಂದ್ರ ಸರ್ಕಾರವು ಕೆಲವು ದಿನ ಸಂದೇಶಗಳ ಸಂಖ್ಯೆಗೇ ಮಿತಿ ಹಾಕಬೇಕಾಯಿತು. ಅದೇ ದಿನಗಳಲ್ಲಿ ಮ್ಯಾನ್ಮಾರಿನ ಹತ್ಯಾಕಾಂಡವೆಂದು ಹರಡಿದ ಒಂದು ಚಿತ್ರದಲ್ಲಿ ಹೆಣಗಳ ನಡುವೆ ಬೌದ್ಧ ಭಿಕ್ಷುಗಳು ನಿಂತಿದ್ದರು. ಅದು ನಿಜವಾಗಿ 2010ರಲ್ಲಿ ಟಿಬೆಟನ್ನರ ಸೀಮೆಯಾದ ಯುಶುವಿನಲ್ಲಿ ಆದ ಭೂಕಂಪದ್ದು. ಆ ಭಿಕ್ಷುಗಳು ಸತ್ತವರ ಸಂಸ್ಕಾರಕ್ಕೆ ಬಂದಿದ್ದ ಸಹಾಯಕರು. ಇಂಥ ಹಳೆಯ ಚಿತ್ರಗಳನ್ನು ಕಂಡುಹಿಡಿಯಲು ಇಂದು ಸುಲಭವಾದ ಉಪಾಯವಿದೆ. ಗೂಗಲ್ ಲೆನ್ಸ್ ಮೊದಲಾದ ಸಾಧನಗಳಿಗೆ ಪದದ ಬದಲು ಚಿತ್ರವನ್ನೇ ಕೊಟ್ಟು ಹುಡುಕಿದರೆ, ಅದು ಮುಂಚೆ ಎಲ್ಲೆಲ್ಲಿ ಪ್ರಕಟವಾಗಿತ್ತೆಂಬುದು ಅನೇಕ ಸಲ ತಿಳಿದುಬರುತ್ತದೆ.

ಚಿತ್ರ ಹೊಸದೇ ಆಗಿದ್ದರೆ ಸ್ಥಳವನ್ನು ಗುರುತಿಸಬೇಕು. ಇದಕ್ಕೆ ಬೆಟ್ಟದ ನಾಡಿನವರಾದ ನಾವು ಮೆಚ್ಚಬೇಕಾದ ಒಂದು ನಿದರ್ಶನ ಆಫ್ರಿಕಾ ಖಂಡದಲ್ಲಿದೆ. 2018ರ ಜುಲೈಯಲ್ಲಿ, ಸೈನಿಕರು ಇಬ್ಬರು ಹೆಂಗಸರನ್ನೂ ಎರಡು ಮಕ್ಕಳನ್ನೂ ಗುಂಡಿಟ್ಟು ಕೊಂದ ದೃಶ್ಯವೊಂದು ಜಾಲತಾಣದಲ್ಲಿ ಕಾಣಿಸಿಕೊಂಡಿತು. ಕ್ಯಾಮರೂನಿನ ಸರ್ಕಾರವು ಅದು ತನ್ನ ದೇಶದ್ದೇ ಅಲ್ಲ, ಸುಳ್ಳು ಎಂದಿತು. ಬಿ.ಬಿ.ಸಿ.ಯ ‘ಆಫ್ರಿಕಾ ಐ’ ತಂಡದವರು ದೃಶ್ಯದ ಹಿಂಬದಿಯಲ್ಲಿ ಕಾಣುತ್ತಿದ್ದ ಬೆಟ್ಟದ ಸಾಲಿನ ಏರಿಳಿತವನ್ನು ಭೂಪಟದೊಡನೆ ಹೋಲಿಸಿ ನೋಡಿ, ಅದು ಕ್ಯಾಮರೂನಿನ ಉತ್ತರ ತುದಿಯ ಜೆಲೆವೆಟ್ ಎಂಬ ಊರಿನ ಬಳಿಯದೆಂದು ಕಂಡುಹಿಡಿದರು. ಉಪಗ್ರಹ ಚಿತ್ರಗಳಲ್ಲಿ ಅಲ್ಲಿನ ಕಟ್ಟಡಗಳು ಎಂದು ಇದ್ದುವು, ಎಂದು ಇಲ್ಲವಾದುವು ಎಂಬುದನ್ನೂ ಸೈನಿಕರ ನೆರಳಿನ ದಿಕ್ಕನ್ನೂ ನೋಡಿ, ಅದು 2015ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ದಿನಗಳಲ್ಲಿ ನಡೆದುದೆಂದು ನಿಶ್ಚಯಿಸಿದರು. 2020ರಲ್ಲಿ ಆ ಸೈನಿಕರಲ್ಲಿ ಕೆಲವರಿಗೆ 10 ವರ್ಷಗಳ ಸೆರೆವಾಸವಾಯಿತು. ಸರ್ಕಾರವು ಅಲ್ಲಗಳೆದುದಕ್ಕೆ ಒಂದು ಬೆಟ್ಟವು ಸಾಕ್ಷಿ ನುಡಿಯಿತು.

ನಮ್ಮ ಸೀಮೆಯಲ್ಲಿಯೂ ಇಂಥ ಸಾಕ್ಷಿಗಳು ಹೇರಳವಾಗಿವೆ. ಬಸ್ಸಿನ ಬಣ್ಣ, ಅಂಗಡಿಯ ಫಲಕದ ಲಿಪಿ, ವಾಹನದ ಸಂಖ್ಯೆ ಟಿ.ಎನ್. ಎಂದಿದೆಯೆ ಅಥವಾ ಚಾಮರಾಜನಗರದ ಕೆ.ಎ. 10 ಎಂದಿದೆಯೆ, ಹೊಲದಲ್ಲಿ ನಿಂತ ಬೆಳೆ ಆ ತಿಂಗಳಿಗೆ ಸರಿಯೆ, ಮಾತಿನ ಧಾಟಿ ಯಾವ ಕಡೆಯದು, ಇವನ್ನೆಲ್ಲ ಊರಿನವನು ಕ್ಷಣದಲ್ಲಿ ಹೇಳಬಲ್ಲನು. ಗಡಿಯಲ್ಲಿ ಒಂದು ಗುರುತು ಮಾತ್ರ ಸಾಲದೆಂಬುದನ್ನೂ ಅವನು ಬಲ್ಲನು: ಕನ್ನಡ ಮಾತು ಕೇಳಿಸಿತೆಂದ ಮಾತ್ರಕ್ಕೆ ಸ್ಥಳ ಕರ್ನಾಟಕವಾಗದು. ಗೊರೆಹಬ್ಬದ ಚಿತ್ರವನ್ನು ‘ಕರ್ನಾಟಕದ ಹಳ್ಳಿ’ ಎಂದು ಎಷ್ಟು ಮಂದಿ ಬರೆದಿಲ್ಲ! ಕನ್ನಡದ ಊರು ತಮಿಳುನಾಡಿನಲ್ಲಿಯೂ ಇರಬಹುದೆಂಬ ಅರಿವು ಬರೆದವರಿಗಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಚಿಕ್ಕ ತಪ್ಪೆಂದು ತೋರಬಹುದು. ನಮಗೆ ಅದು ಚಿಕ್ಕದಲ್ಲ. ಸ್ಥಳವನ್ನೇ ತಪ್ಪಿ ಬರೆದ ವರದಿಯನ್ನು ಓದಿದವರು, ನಮ್ಮ ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಯಾರನ್ನು ಕೇಳಬೇಕೆಂಬುದನ್ನೂ ತಪ್ಪಿಯೇ ತಿಳಿಯುವರು.

ಸ್ಥಳವೂ ದಿನವೂ ಸರಿಯಾಗಿದ್ದು ಅರ್ಥ ಮಾತ್ರ ಸುಳ್ಳಾಗುವುದೂ ಉಂಟು. 2023ರ ಮಾರ್ಚಿನಲ್ಲಿ ತಮಿಳುನಾಡಿನಲ್ಲಿ ಬಿಹಾರದ ಕೂಲಿಕಾರರನ್ನು ಕೊಲ್ಲುತ್ತಿದ್ದಾರೆಂದು ಎರಡು ದೃಶ್ಯಗಳು ಹರಡಿದವು. ಕೆಲವು ಪತ್ರಿಕೆಗಳೂ ಆ ಮಾತನ್ನು ಅಚ್ಚು ಮಾಡಿದವು. ರಾಜ್ಯದ ಪೊಲೀಸರು ತಿಳಿಸಿದ ಪ್ರಕಾರ, ಅವು ಮುಂಚೆ ತಿರುಪ್ಪೂರು, ಕೊಯಮತ್ತೂರುಗಳಲ್ಲಿ ನಡೆದ ಘಟನೆಗಳೇ ಸರಿ. ಒಂದರಲ್ಲಿ ಹೊಡೆದಾಡಿದವರು ಬಿಹಾರದವರದೇ ಎರಡು ಗುಂಪಿನವರು, ಇನ್ನೊಂದರಲ್ಲಿ ಸ್ಥಳೀಯರೇ. ನಡೆದುದು ನಿಜ, ಹೇಳಿದ ಕಥೆ ಸುಳ್ಳು. ಚಿತ್ರದಲ್ಲಿರುವವರು ಯಾರೆಂಬುದನ್ನು ಸ್ಥಳದವರಿಂದ ವಿಚಾರಿಸದಿದ್ದರೆ ಈ ಬಗೆಯ ಸುಳ್ಳು ಹಿಡಿಪಡದು.

ಇದರಿಂದಾಗುವ ಕೇಡು ಎಷ್ಟೆಂಬುದನ್ನು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ. 2016ನೆಯ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ವಿವಾದ ಕಾವೇರಿದ್ದಾಗ, ಬೆಂಗಳೂರಿನಲ್ಲಿ ಯುವಕನೊಬ್ಬನನ್ನು ಫೇಸ್‌ಬುಕ್ಕಿನ ಬರಹಕ್ಕಾಗಿ ಹೊಡೆದ ದೃಶ್ಯ ತಮಿಳುನಾಡಿನಲ್ಲಿ ಹರಡಿತು. 12ನೆಯ ತಾರೀಖು ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆಯೂ ರಾಮೇಶ್ವರದಲ್ಲಿ ಕರ್ನಾಟಕದ ವಾಹನಗಳ ಮೇಲೆಯೂ ದಾಳಿಯಾಯಿತು. ಆ ದೃಶ್ಯಗಳು ಕರ್ನಾಟಕಕ್ಕೆ ಬಂದವು. ಅದೇ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಆ ದೃಶ್ಯಗಳು ಸುಳ್ಳಲ್ಲ. ಆದರೆ ಆ ದಿನ ತಮಿಳುನಾಡಿನಲ್ಲಿ ಲಕ್ಷಾಂತರ ಕನ್ನಡಿಗರೂ ಕರ್ನಾಟಕದಲ್ಲಿ ಲಕ್ಷಾಂತರ ತಮಿಳರೂ ನೆರೆಹೊರೆಯವರೊಡನೆ ಎಂದಿನಂತೆ ಇದ್ದರೆಂಬುದನ್ನು ಯಾರೂ ಚಿತ್ರ ತೆಗೆದು ಕಳುಹಿಸಲಿಲ್ಲ. ಜಾಲತಾಣವು ಜಗಳವನ್ನು ತೋರಿಸುವಷ್ಟು ಸುಲಭವಾಗಿ ಸೌಖ್ಯವನ್ನು ತೋರಿಸದು. ಆ ಮಿಕ್ಕ ಭಾಗವನ್ನು ಹುಡುಕಿ ಬರೆಯುವುದು ಪತ್ರಕರ್ತನ ಹೊಣೆ.

ಇನ್ನೂ ದಾರುಣವಾದುದು ಬೀದರ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈ 13ರಂದು ನಡೆಯಿತು. ಹೈದರಾಬಾದಿನ ಕಡೆಯಿಂದ ಬಂದಿದ್ದ ಕೆಲವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಮಿಠಾಯಿ ಕೊಟ್ಟರು. ಮಕ್ಕಳ ಕಳ್ಳರೆಂಬ ಮಾತು ವಾಟ್ಸಾಪಿನ ಗುಂಪಿನಲ್ಲಿ ಹೊರಟು ಅವರ ಕಾರಿಗಿಂತ ಮುಂದಾಗಿ ಓಡಿತು. ಮುಂದಿನ ಊರಿನಲ್ಲಿ ಜನರು ಅಡ್ಡಗಟ್ಟಿ ಹೊಡೆದರು. ಒಬ್ಬ ತರುಣನು ಸತ್ತನು. ಆ ತಿಂಗಳೇ ವಾಟ್ಸಾಪು ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ದಾಟಿಸಲಾಗದಂತೆ ಕಟ್ಟು ಮಾಡಿತು. ಸಾವಿರ ಮಂದಿ ಕಳುಹಿಸಿದ ಸಂದೇಶಕ್ಕೆ ಸಾವಿರ ಸಾಕ್ಷಿಗಳಿಲ್ಲ. ಹೆಚ್ಚೆಂದರೆ ಒಬ್ಬನಿರಬಹುದು, ಒಬ್ಬನೂ ಇಲ್ಲದಿರಬಹುದು.

ನಾಲ್ಕನೆಯದಾಗಿ, ಜಾಲತಾಣದಲ್ಲಿ ಇಲ್ಲದವರ ವಿಚಾರ. ನಮ್ಮ ಬೆಟ್ಟಗಳಲ್ಲಿ ಸೋಲಿಗರೂ ಊರಾಳಿಗಳೂ ಇದ್ದಾರೆ. ಕಾಡಿನೊಳಗಣ ಪೋಡುಗಳಲ್ಲಿ ಸಿಗ್ನಲ್ಲು ಸಿಕ್ಕುವುದು ಕಷ್ಟ. ಊರಿನಲ್ಲಿಯೂ ಮುದುಕರ ಕೈಯಲ್ಲಿ, ಕೂಲಿಗೆ ಹೋಗುವ ಹೆಂಗಸರ ಕೈಯಲ್ಲಿ ಮೊಬೈಲು ಇದ್ದರೂ ಅವರು ಅದರಲ್ಲಿ ಬರೆಯುವುದು ಅಪೂರ್ವ. 2022ರ ಫೆಬ್ರವರಿಯಲ್ಲಿ ಮದ್ರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ದಿಂಬಂ ಘಾಟಿಯಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂದಿತು. ಇಂಥ ವಿಷಯದಲ್ಲಿ ಜಾಲತಾಣವನ್ನು ಮಾತ್ರ ನೋಡಿದ ವರದಿಗಾರನಿಗೆ ಕಾಣುವುದು ಪ್ರವಾಸಿಗರ ಬೇಸರವೂ ಪ್ರಾಣಿಪ್ರಿಯರ ಸಂತೋಷವೂ. ತರಕಾರಿಯನ್ನು ಬೆಳಗಿನ ಮಾರುಕಟ್ಟೆಗೆ ಮುಟ್ಟಿಸಬೇಕಾದ ರೈತನ ಮಾತನ್ನೂ, ಕಾಡಂಚಿನಲ್ಲಿ ಬಾಳುವವರ ಮಾತನ್ನೂ ಕೇಳಬೇಕಾದರೆ ಅವನು ಬೆಟ್ಟ ಹತ್ತಿಯೇ ಬರಬೇಕು. ನ್ಯಾಯಾಲಯ ಹೇಳಿದುದೇನೆಂಬುದನ್ನು ತಿಳಿಯಬೇಕಾದರೆ ಆಜ್ಞೆಯ ಪ್ರತಿಯನ್ನೇ ಓದಬೇಕು.

ಐದನೆಯದಾಗಿ, ಮರ್ಯಾದೆಯ ವಿಚಾರ. ಜಾಲತಾಣದಲ್ಲಿ ಒಬ್ಬರು ಏನನ್ನಾದರೂ ಹಾಕಿದರೆಂದ ಮಾತ್ರಕ್ಕೆ ಅದು ಪತ್ರಿಕೆಯ ಸ್ವತ್ತಾಗದು. ನಾಲ್ಕು ಜನ ನೆಂಟರಿಗೆಂದು ಹಾಕಿದ ಮಾತು ನಾಲ್ಕು ಲಕ್ಷ ಓದುಗರ ಮುಂದೆ ಬಂದಾಗ ಅದರ ಭಾರವೇ ಬೇರೆ. ಕೇಳಿ ಪಡೆಯಬೇಕು, ಹೆಸರು ಬೇಡವೆಂದರೆ ಬಿಡಬೇಕು, ಮಾತನಾಡಿದುದರಿಂದ ಅವರಿಗೆ ಊರಿನಲ್ಲಿ ತೊಂದರೆಯಾದೀತೆ ಎಂದು ಮುಂಚೆಯೇ ಯೋಚಿಸಬೇಕು. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತನ್ನು ಬಯಲು ಮಾಡುವುದು ಕಾನೂನಿನ ಪ್ರಕಾರ ಶಿಕ್ಷಾರ್ಹ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯಿದೆಯೂ 2015ರ ಬಾಲನ್ಯಾಯ ಕಾಯಿದೆಯೂ ಇದನ್ನು ಸ್ಪಷ್ಟವಾಗಿ ವಿಧಿಸಿವೆ.

2025ರ ಗೊರೆಹಬ್ಬಕ್ಕೆ ಅಮೆರಿಕದ ಯೂಟ್ಯೂಬಿನವನೊಬ್ಬನು ಬಂದು ತೆಗೆದ ದೃಶ್ಯಗಳು ಲೋಕವೆಲ್ಲ ಹರಡಿ, ಒಂದು ಕಡೆ ಪರಿಹಾಸ್ಯವನ್ನೂ ಇನ್ನೊಂದು ಕಡೆ ಕೋಪವನ್ನೂ ಎಬ್ಬಿಸಿದವು. ಇದಕ್ಕೆ ಮುಂಚೆಯೂ ಹೊರಗಿನವರು ನಮ್ಮ ಹಬ್ಬವನ್ನು ಸ್ಪೇಯಿನ್ ದೇಶದ ಬುನ್ಯೋಲಿನ ಟೊಮೆಟೊ ಎರಚಾಟಕ್ಕೆ ಹೋಲಿಸಿದ್ದುಂಟು. ಹೋಲಿಕೆಗೆ ನಮ್ಮ ಆಕ್ಷೇಪವಿಲ್ಲ. ನಗುವವರನ್ನು ನಿಲ್ಲಿಸುವ ಶಕ್ತಿಯೂ ನಮಗಿಲ್ಲ. ನಾವು ಕೇಳುವುದು ಬೇರೆ. ಆ ಹತ್ತು ನಿಮಿಷದ ದೃಶ್ಯವನ್ನು ನೋಡಿದ ಪತ್ರಕರ್ತನು, ಸಗಣಿ ಯಾವ ಮನೆಗಳಿಂದ ಬರುತ್ತದೆ, ಪೂಜೆಯ ಕ್ರಮವೇನು, ಊರಿನವರು ಅದಕ್ಕೆ ಹೇಳುವ ಕಾರಣವೇನು, ಹೊರಗೆ ದುಡಿಯಲು ಹೋದ ಮಕ್ಕಳು ಈ ದಿನಕ್ಕೆ ಏಕೆ ಹಿಂದಿರುಗುತ್ತಾರೆ ಎಂದು ನಮ್ಮಲ್ಲಿ ಒಬ್ಬರನ್ನಾದರೂ ಕೇಳಲಿ. ಆರೋಗ್ಯಕ್ಕೆ ಇದು ಒಳ್ಳೆಯದೆಂಬ ನಮ್ಮ ನಂಬಿಕೆಯನ್ನು ನಂಬಿಕೆಯೆಂದೇ ಬರೆಯಲಿ. ವೈದ್ಯರನ್ನೂ ಕೇಳಿ ಅವರ ಮಾತನ್ನೂ ಬರೆಯಲಿ. ಕೇಳಿಸಿಕೊಂಡ ಮೇಲೆ ಟೀಕಿಸಿದರೂ ನಮಗೆ ಬೇಸರವಿಲ್ಲ.

ಕೊನೆಯದಾಗಿ, ನಮ್ಮ ಪಾಲಿನ ಕೆಲಸ. ಮೊಬೈಲು ಹಿಡಿದ ಪ್ರತಿಯೊಬ್ಬರೂ ನಾಳೆ ಯಾವುದೋ ಒಂದು ಸುದ್ದಿಗೆ ಸಾಕ್ಷಿಗಳು. ಆದುದರಿಂದ ತರುಣರಲ್ಲಿ ನಮ್ಮ ವಿನಂತಿ: ತೆಗೆದ ಚಿತ್ರದ ಮೂಲವನ್ನು ಅಳಿಸಬೇಡಿ, ಅದರೊಡನೆ ಊರು, ತಾಲ್ಲೂಕು, ಜಿಲ್ಲೆ, ದಿನ ಇವನ್ನು ಕನ್ನಡದಲ್ಲಿ ಬರೆದಿಡಿ, ಬಲ್ಲವರು ತಮಿಳಿನಲ್ಲಿಯೂ ಬರೆಯಿರಿ. ಬೇರೆಯವರ ದೃಶ್ಯಕ್ಕೆ ನಿಮ್ಮ ಮಾತು ಸೇರಿಸಿ ದಾಟಿಸಬೇಡಿ. ವರದಿಗಾರರು ಕೇಳಿದಾಗ ಕಂಡುದನ್ನು ಕಂಡೆವೆಂದೂ ಕೇಳಿದುದನ್ನು ಕೇಳಿದೆವೆಂದೂ ಹೇಳಿ. ತಿಳಿಯದುದನ್ನು ತಿಳಿಯದೆಂದೇ ಹೇಳಿ. ತಪ್ಪು ಅಚ್ಚಾದರೆ ಬಯ್ದು ಸುಮ್ಮನಾಗದೆ ಸಂಪಾದಕರಿಗೆ ಸಾಧಾರವಾಗಿ ಬರೆಯಿರಿ. ತಾಯಂದಿರಲ್ಲಿ ಮತ್ತೊಂದು ವಿನಂತಿ: ಮಕ್ಕಳ ಕಳ್ಳರು ಬಂದಿದ್ದಾರೆಂಬಂಥ ಸಂದೇಶ ಬಂದಾಗ, ಮುಂದಕ್ಕೆ ಕಳುಹಿಸುವ ಮೊದಲು ಠಾಣೆಗೆ ಒಂದು ಫೋನು ಮಾಡಿ. ಆ ಒಂದು ಫೋನಿನಿಂದ ಅಪರಿಚಿತನೊಬ್ಬನ ಪ್ರಾಣ ಉಳಿದೀತು.

ನಮ್ಮ ಗೊರೆಹಬ್ಬದಲ್ಲಿ ಚಾಡಿಕೋರನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುವುದು ತಮಗೆಲ್ಲ ತಿಳಿದದ್ದೇ. ಇಲ್ಲದುದನ್ನು ಇದ್ದಂತೆ ಹೇಳಿ ಮನೆಮನೆಗೆ ಬೆಂಕಿ ಹಚ್ಚುವವನಿಗೆ ಊರು ತೋರಿಸುತ್ತಿದ್ದ ಮರ್ಯಾದೆ ಅದು. ಜಾಲತಾಣದ ಚಾಡಿಕೋರನಿಗೆ ಮುಖವೂ ಇಲ್ಲ, ಊರೂ ಇಲ್ಲ. ಅವನಿಗೆ ಕತ್ತೆ ಹುಡುಕಿ ಪ್ರಯೋಜನವಿಲ್ಲ. ಅವನ ಮಾತನ್ನು ಹಿಡಿದು, ಅದು ಹೊರಟ ಬಾಗಿಲಿನವರೆಗೆ ನಡೆದು ನೋಡುವ ಪತ್ರಕರ್ತರೇ ಅವನಿಗೆ ತಕ್ಕ ಉತ್ತರ. ಅಂಥವರು ನಮ್ಮ ತಾಳವಾಡಿಯ ಶಾಲೆಗಳಲ್ಲಿ ಕನ್ನಡವನ್ನೂ ತಮಿಳನ್ನೂ ಒಟ್ಟಿಗೆ ಕಲಿತ ಮಕ್ಕಳಿಂದಲೇ ಬರಲಿ ಎಂದು ಹಾರೈಸುತ್ತೇವೆ. ಎರಡು ನುಡಿಗಳ ಜಾಲತಾಣವನ್ನೂ ಓದಬಲ್ಲವರು, ಎರಡು ಕಡೆಯ ಜನರೊಡನೆಯೂ ಅವರವರ ಮಾತಿನಲ್ಲಿಯೇ ಮ��ತನಾಡಬಲ್ಲವರು ಗಡಿಯಲ್ಲಿ ಹುಟ್ಟಿದವರೇ.